ದುರಂತಕ್ಕೂ ಮೊದಲೇ ಬರೆದ ಕಾಗದಗಳು

1979ರ ಮೇ 25, ಶುಕ್ರವಾರ. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಶಿಕಾಗೊದ ಓಹೇರ್ ನಿಲ್ದಾಣದಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10 ವಿಮಾನ ರನ್‌ವೇ ಬಿಟ್ಟು ಮೇಲೇಳುವ ಹೊತ್ತಿಗೆ ಅದರ ಎಡಗಡೆಯ ಎಂಜಿನ್ ಕಿತ್ತು, ರೆಕ್ಕೆಯ ಮೇಲಿಂದ ಹಾರಿ ಹಿಂದಕ್ಕೆ ಬಿತ್ತು. ಅರ್ಧ ನಿಮಿಷದಲ್ಲಿ ಎಲ್ಲ ಮುಗಿದುಹೋಯಿತು. ವಿಮಾನದಲ್ಲಿದ್ದ 271 ಮಂದಿ ಮತ್ತು ನೆಲದ ಮೇಲಿದ್ದ ಇಬ್ಬರು ಸತ್ತರು. ಭಯೋತ್ಪಾದಕ ದಾಳಿಗಳನ್ನು ಬಿಟ್ಟರೆ ಅಮೆರಿಕದ ನೆಲದಲ್ಲಿ ಇಂದಿಗೂ ಅದಕ್ಕಿಂತ ದೊಡ್ಡ ವಿಮಾನ ದುರಂತ ನಡೆದಿಲ್ಲ.

ಅಪಘಾತದ ಬೇರು ಸಿಕ್ಕಿದ್ದು ಓಹೇರ್‌ನಲ್ಲಲ್ಲ, ಒಕ್ಲಹೋಮದ ತುಲ್ಸಾದಲ್ಲಿದ್ದ ರಿಪೇರಿ ಹ್ಯಾಂಗರಿನಲ್ಲಿ. ಎಂಟು ವಾರಗಳ ಹಿಂದೆ ಆ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದ್ದರು. ಮೊದಲು ಎಂಜಿನ್ ಇಳಿಸಬೇಕು, ಆಮೇಲೆ ಅದನ್ನು ರೆಕ್ಕೆಗೆ ಹಿಡಿದಿಡುವ ಪೈಲಾನ್ ಬಿಚ್ಚಬೇಕು ಎಂಬುದು ತಯಾರಕ ಕಂಪನಿ ಮ್ಯಾಕ್‌ಡೊನೆಲ್ ಡಗ್ಲಸ್ ಹೇಳಿದ ಕ್ರಮ. ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್ ಮೇಲೆ ಹೊತ್ತು ಇಳಿಸಿದರೆ ಬಿಚ್ಚಬೇಕಾದ ಜೋಡಣೆಗಳು 79ರಿಂದ 27ಕ್ಕೆ ಇಳಿಯುತ್ತವೆ, ವಿಮಾನವೊಂದಕ್ಕೆ ಸುಮಾರು 200 ಮಾನವ-ಗಂಟೆಗಳ ಕೆಲಸ ಉಳಿಯುತ್ತದೆ ಎಂದು ವಿಮಾನ ಸಂಸ್ಥೆ ಲೆಕ್ಕ ಹಾಕಿತ್ತು. ಹಾಗೆ ಇಳಿಸಿ ಏರಿಸುವಾಗ ಪೈಲಾನಿನ ಹಿಂಭಾಗದಲ್ಲಿ ಒಂದು ಬಿರುಕು ಬಿಟ್ಟಿತು. ಪ್ರತಿ ಹಾರಾಟಕ್ಕೂ ಅದು ಬೆಳೆಯಿತು.

ಇದಕ್ಕಿಂತ ಕಳವಳದ ಸಂಗತಿ ಇನ್ನೊಂದಿದೆ. ಕಾಂಟಿನೆಂಟಲ್ ಏರ್‌ಲೈನ್ಸ್ ಕೂಡ ಇದೇ ಅಡ್ಡದಾರಿ ಹಿಡಿದಿತ್ತು. ಅಲ್ಲಿ 1978ರ ಡಿಸೆಂಬರ್‌ನಲ್ಲೊಮ್ಮೆ, 1979ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಪೈಲಾನಿಗೆ ಇದೇ ಬಗೆಯ ಪೆಟ್ಟಾಗಿ, ಅದು ಕಣ್ಣಿಗೆ ಬಿದ್ದು, ರಿಪೇರಿಯೂ ಆಗಿತ್ತು. ತಯಾರಕರು ಅದರಲ್ಲಿ ಒಂದನ್ನು ವಿಮಾನ ಸಂಸ್ಥೆಗಳಿಗೆ ಕಳಿಸುವ ವರದಿಯಲ್ಲಿ, ಹತ್ತಾರು ಬೇರೆ ವಿಷಯಗಳ ನಡುವೆ, ಚುಟುಕಾಗಿ ನಮೂದಿಸಿದ್ದರು. ಅಂದರೆ ವಿಮಾನ ಬೀಳುವ ಮುನ್ನವೇ ಕಾರಣ ಕಾಗದದ ಮೇಲೆ ಬಂದಿತ್ತು. ಓದಿ ಎಚ್ಚರಗೊಂಡವರು ಇರಲಿಲ್ಲ.

ದೊಡ್ಡ ದುರಂತದ ನಂತರ ಮೊಕದ್ದಮೆ ಎದುರಿಸಲು ಕಂಪನಿ ಹೇಗೆ ಸಜ್ಜಾಗಬೇಕು ಎಂಬ ಪ್ರಶ್ನೆಗೆ ವಕೀಲರ ಬಳಿ, ವಿಮಾದಾರರ ಬಳಿ, ಪ್ರಚಾರ ಸಲಹೆಗಾರರ ಬಳಿ ದಪ್ಪ ದಪ್ಪ ಕೈಪಿಡಿಗಳಿವೆ. ಶಿಕಾಗೊ ಮತ್ತು ಡೆಟ್ರಾಯಿಟ್ ಸುತ್ತಮುತ್ತ ಅರ್ಧ ಶತಮಾನದಲ್ಲಿ ನಡೆದ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ಮೊಕದ್ದಮೆಯ ಹಣೆಬರಹವನ್ನು ಕಂಪನಿ ದುರಂತಕ್ಕೆ ವರ್ಷಗಟ್ಟಲೆ ಮೊದಲೇ ತನ್ನದೇ ಕಡತಗಳಲ್ಲಿ ಬರೆದಿಟ್ಟಿರುತ್ತದೆ. ದುರಂತದ ಮರುದಿನದಿಂದ ಮಾಡುವ ಸಿದ್ಧತೆಯಿಂದ ಹಾನಿ ಹೆಚ್ಚಾಗದಂತೆ ನೋಡಿಕೊಳ್ಳಬಹುದು, ಅಷ್ಟೇ.

ಆ ಮರುದಿನದ ಸಿದ್ಧತೆಯಾದರೂ ಏನು? ಮೊದಲ ಕೆಲಸ, ಏನನ್ನೂ ಅಳಿಸಬೇಡಿ ಎಂಬ ಲಿಖಿತ ಆದೇಶ. ವಕೀಲರ ಮಾತಿನಲ್ಲಿ ಅದು ‘ಲಿಟಿಗೇಷನ್ ಹೋಲ್ಡ್’. ಡೆಟ್ರಾಯಿಟ್‌ನ ಕಾರು ಕಂಪನಿಗಳಲ್ಲಿ ದುಡಿಯುವ ನಮ್ಮವರಿಗೆ ಇದು ಹೊಸದೇನಲ್ಲ. ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್ ಕಡೆಯ ಎಷ್ಟೋ ಕನ್ನಡಿಗ ಎಂಜಿನಿಯರುಗಳ ಇನ್‌ಬಾಕ್ಸ್‌ನಲ್ಲಿ ಅಂಥ ಮೇಲ್ ಬಂದು ಕೂತಿರುತ್ತದೆ. ಇಂಥ ಮಾದರಿಯ ಇಂಥ ಭಾಗದ ಬಗ್ಗೆ ನಿಮ್ಮಲ್ಲಿರುವ ಮೇಲ್, ಚಾಟ್, ಡ್ರಾಯಿಂಗ್, ಟೆಸ್ಟ್ ವರದಿ, ಟಿಪ್ಪಣಿ ಪುಸ್ತಕ, ಫೋನಿನ ಮೆಸೇಜು, ಯಾವುದನ್ನೂ ತೆಗೆಯಬೇಡಿ ಎನ್ನುತ್ತದೆ ಅದು. ಹಳೆಯ ಮೇಲ್‌ಗಳನ್ನು ತಾನಾಗಿ ಅಳಿಸುವ ವ್ಯವಸ್ಥೆಯನ್ನು ಐಟಿ ವಿಭಾಗ ನಿಲ್ಲಿಸಬೇಕು. ಮುರಿದ ಭಾಗ ಸಿಕ್ಕಿದ್ದರೆ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಲೆಕ್ಕ ಇಡಬೇಕು. ಮೊಕದ್ದಮೆ ದಾಖಲಾಗುವವರೆಗೆ ಕಾಯುವಂತಿಲ್ಲ. ಮೊಕದ್ದಮೆ ಬರಬಹುದು ಎಂದು ಊಹಿಸಲು ಸಾಧ್ಯವಾದ ಗಳಿಗೆಯಿಂದಲೇ ಈ ಹೊಣೆ ಹೆಗಲಿಗೇರುತ್ತದೆ.

ಈ ಹೊಣೆಯನ್ನು ಹಗುರಾಗಿ ಕಂಡರೆ ಏನಾಗುತ್ತದೆ ಎಂದು ತೋರಿಸಿಕೊಟ್ಟದ್ದೂ ಶಿಕಾಗೊದ ಕಂಪನಿಯೇ. ಆರ್ಥರ್ ಆಂಡರ್ಸನ್ ಲೆಕ್ಕಪರಿಶೋಧನೆಯಲ್ಲಿ ಜಗತ್ತಿನ ಐದು ದೊಡ್ಡ ಸಂಸ್ಥೆಗಳಲ್ಲಿ ಒಂದಾಗಿತ್ತು. 2001ರ ಅಕ್ಟೋಬರ್‌ನಲ್ಲಿ ಅದರ ಗ್ರಾಹಕ, ಇಂಧನ ಕಂಪನಿ ಎನ್ರಾನ್ ಕುಸಿಯತೊಡಗಿದಾಗ, ದಾಖಲೆ ಇಡುವ ಮತ್ತು ಬಿಸಾಡುವ ನಮ್ಮ ನಿಯಮವನ್ನು ನೆನಪಿಡಿ ಎಂದು ಶಿಕಾಗೊದ ವಕೀಲರಿಂದ ಒಂದು ಸಣ್ಣ ಮೇಲ್ ಹೋಯಿತು. ಹ್ಯೂಸ್ಟನ್ ಕಚೇರಿಯಲ್ಲಿ ರಾಶಿ ರಾಶಿ ಕಾಗದ ಶ್ರೆಡರ್ ಬಾಯಿಗೆ ಬಿತ್ತು. 2002ರ ಜೂನ್‌ನಲ್ಲಿ ಜ್ಯೂರಿ ಸಂಸ್ಥೆಯನ್ನು ಅಪರಾಧಿ ಎಂದಿತು. 2005ರಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಆ ತೀರ್ಪನ್ನು ರದ್ದು ಮಾಡಿತಾದರೂ, ಉಳಿಸಿಕೊಳ್ಳಲು ಅಷ್ಟರಲ್ಲಿ ಸಂಸ್ಥೆಯೇ ಇರಲಿಲ್ಲ. ತನಿಖೆಗೆ ಅಡ್ಡಿಪಡಿಸಲು ದಾಖಲೆ ನಾಶ ಮಾಡಿದರೆ 20 ವರ್ಷದವರೆಗೆ ಸೆರೆಮನೆ ಎಂಬ ಕಾನೂನು ಬಂದದ್ದು ಆ ಹಗರಣದ ನಂತರವೇ.

ಮರುದಿನದ ಎರಡನೆಯ ಕೆಲಸ, ವಿಮಾ ಕಂಪನಿಗೆ ಕೂಡಲೇ ತಿಳಿಸುವುದು. ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತಿರುತ್ತದೆ: ನಮ್ಮ ಒಪ್ಪಿಗೆಯಿಲ್ಲದೆ ತಪ್ಪು ಒಪ್ಪಿಕೊಳ್ಳಬಾರದು. ದುರಂತದ ದಿನ ಕಂಪನಿಗಳು ಹೊರಡಿಸುವ ಹೇಳಿಕೆ ಅಷ್ಟು ತಣ್ಣಗೆ, ಅಳೆದು ತೂಗಿದಂತೆ ಇರುವುದಕ್ಕೆ ಇದೂ ಒಂದು ಕಾರಣ. ದುಃಖ ವ್ಯಕ್ತಪಡಿಸುವುದಕ್ಕೂ ತಪ್ಪು ಒಪ್ಪಿಕೊಳ್ಳುವುದಕ್ಕೂ ಬಹಳ ಅಂತರವಿದೆ. ಆ ಅಂತರ ತಿಳಿಯದ ವಕೀಲರು ಬಾಸ್‌ನನ್ನು ಮಾತೇ ಆಡದಂತೆ ಕೂರಿಸುತ್ತಾರೆ. ಮನೆಮಂದಿಯನ್ನು ಕಳೆದುಕೊಂಡವರ ಕಣ್ಣಿಗೆ ಆ ಮೌನ ಅಹಂಕಾರವಾಗಿ ಕಾಣುತ್ತದೆ.

ಹಾಗೆ ಕಂಡದ್ದೇ ಒಂದು ಕಾನೂನಿಗೆ ಕಾರಣವಾಯಿತು. 1994ರ ಅಕ್ಟೋಬರ್ 31ರಂದು ಇಂಡಿಯಾನಾಪೊಲಿಸ್‌ನಿಂದ ಶಿಕಾಗೊಗೆ ಬರುತ್ತಿದ್ದ ಅಮೆರಿಕನ್ ಈಗಲ್‌ನ ಎಟಿಆರ್ ವಿಮಾನ ರೆಕ್ಕೆಯ ಮೇಲೆ ಹಿಮಗಟ್ಟಿ ರೋಸ್‌ಲಾನ್ ಬಳಿಯ ಸೋಯಾ ಹೊಲದಲ್ಲಿ ಬಿತ್ತು. 68 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಗುರುತು ಸಿಗದ ಅವಶೇಷಗಳನ್ನು ತಮಗೆ ಹೇಳದೆಯೇ ಹೂಳಲಾಯಿತು ಎಂದು ಕುಟುಂಬಗಳಿಗೆ ಆಮೇಲೆ ತಿಳಿಯಿತು. ಆ ನೋವು ವಾಷಿಂಗ್ಟನ್‌ವರೆಗೂ ಹೋಯಿತು. ಬೇರೆ ದುರಂತಗಳ ಕುಟುಂಬಗಳೂ ದನಿಗೂಡಿಸಿದವು. 1996ರಲ್ಲಿ ವಿಮಾನ ದುರಂತಕ್ಕೀಡಾದ ಕುಟುಂಬಗಳ ನೆರವಿನ ಕಾಯ್ದೆ ಬಂತು. ವಿಮಾನ ಸಂಸ್ಥೆ ಕುಟುಂಬಗಳ ಆರೈಕೆಯ ಯೋಜನೆಯನ್ನು ಮೊದಲೇ ಸಲ್ಲಿಸಿರಬೇಕು, ಗುರುತು ಸಿಗದ ಅವಶೇಷಗಳ ವಿಚಾರದಲ್ಲಿ ಕುಟುಂಬಗಳನ್ನು ಕೇಳಬೇಕು. ಪರಿಹಾರದ ಮೊಕದ್ದಮೆಯ ಮಾತೆತ್ತಿಕೊಂಡು ವಕೀಲರಾಗಲಿ, ಎದುರು ಪಕ್ಷವಾಗಬಹುದಾದ ಕಂಪನಿಯಾಗಲಿ ಕರೆಯದೆ ಆ ಮನೆಗಳ ಬಾಗಿಲು ತಟ್ಟುವಂತಿಲ್ಲ. ಈ ನಿಷೇಧ ಮೊದಲು ದುರಂತದ ನಂತರದ 30 ದಿನಕ್ಕಿತ್ತು, ಈಗ 45 ದಿನ.

ತನಿಖೆ ಮತ್ತು ಮೊಕದ್ದಮೆಯ ನಡುವೆ ಅಮೆರಿಕದ ಕಾನೂನು ಎಬ್ಬಿಸಿರುವ ಗೋಡೆಯೂ ಗಮನಿಸಬೇಕಾದದ್ದೇ. ಅಪಘಾತದ ತನಿಖೆ ನಡೆಸುವ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಂಪನಿಯ ಎಂಜಿನಿಯರುಗಳನ್ನು ತನಿಖೆಯಲ್ಲಿ ಸೇರಿಸಿಕೊಳ್ಳುತ್ತದೆ, ಆದರೆ ವಕೀಲರಿಗೂ ವಿಮಾದಾರರ ಪ್ರತಿನಿಧಿಗಳಿಗೂ ಅಲ್ಲಿ ಪ್ರವೇಶವಿಲ್ಲ. ಮಂಡಳಿಯ ಅಂತಿಮ ವರದಿಯನ್ನು ಪರಿಹಾರದ ದಾವೆಯಲ್ಲಿ ಸಾಕ್ಷ್ಯವಾಗಿ ಒಡ್ಡುವಂತಿಲ್ಲ. ಅದೇ ರೀತಿ, ಅಪಘಾತದ ನಂತರ ಕಂಪನಿ ದೋಷ ಸರಿಪಡಿಸಿದರೆ ಆ ರಿಪೇರಿಯನ್ನೇ ತಪ್ಪಿಗೆ ಪುರಾವೆಯಾಗಿ ತೋರಿಸುವಂತಿಲ್ಲ. ಸರಿಪಡಿಸಲು ಯಾರೂ ಹೆದರಬಾರದು ಎಂಬ ಈ ವಿವೇಕ ನನಗೆ ಬಹಳ ಮೆಚ್ಚುಗೆಯಾದದ್ದು.

ಕಂಪನಿಗಳು ಪರಸ್ಪರ ಬೊಟ್ಟು ಮಾಡಿದರೆ ಕಥೆ ಇನ್ನೂ ಉದ್ದವಾಗುತ್ತದೆ. 1987ರ ಆಗಸ್ಟ್ 16ರಂದು ಡೆಟ್ರಾಯಿಟ್ ಮೆಟ್ರೊ ನಿಲ್ದಾಣದಲ್ಲಿ ನಾರ್ತ್‌ವೆಸ್ಟ್ ಸಂಸ್ಥೆಯ 255ನೇ ವಿಮಾನ ಮೇಲೇರಲಾಗದೆ ಬಿತ್ತು. ನೆಲದ ಮೇಲಿದ್ದ ಇಬ್ಬರೂ ಸೇರಿ 156 ಜನ ಸತ್ತರು. ವಿಮಾನದಲ್ಲಿದ್ದವರಲ್ಲಿ ಉಳಿದದ್ದು ನಾಲ್ಕು ವರ್ಷದ ಒಂದು ಹೆಣ್ಣುಮಗು ಮಾತ್ರ. ರೆಕ್ಕೆಯ ಫ್ಲ್ಯಾಪ್‌ಗಳನ್ನು ಪೈಲಟ್‌ಗಳು ಇಳಿಸಿರಲಿಲ್ಲ, ಅದನ್ನು ಎಚ್ಚರಿಸಬೇಕಾದ ಯಂತ್ರಕ್ಕೆ ವಿದ್ಯುತ್ ಹರಿದಿರಲಿಲ್ಲ. ಪೈಲಟ್‌ಗಳ ತಪ್ಪು ಎಂದಿತು ತಯಾರಕ ಕಂಪನಿ. ಎಚ್ಚರಿಕೆ ಯಂತ್ರದ ದೋಷ ಎಂದಿತು ವಿಮಾನ ಸಂಸ್ಥೆ. ಡೆಟ್ರಾಯಿಟ್‌ನ ಫೆಡರಲ್ ಕೋರ್ಟಿನಲ್ಲಿ ಸುಮಾರು ಒಂದೂವರೆ ವರ್ಷ ಜ್ಯೂರಿಯ ಮುಂದೆ ವಾದ ನಡೆದು, 1991ರಲ್ಲಿ ವಿಮಾನ ಸಂಸ್ಥೆಯೇ ಹೊಣೆ ಎಂದು ತೀರ್ಪಾಯಿತು.

ಡೆಟ್ರಾಯಿಟ್ ಎಂದರೆ ಕಾರು. ಕಾಗದಗಳು ಕಂಪನಿಗಳನ್ನು ಕಾಡಿದ್ದೂ ಅಲ್ಲೇ ಹೆಚ್ಚು. ಫೋರ್ಡ್ ಕಂಪನಿಯ ಪಿಂಟೊ ಕಾರು ಹಿಂದಿನಿಂದ ಗುದ್ದಿಸಿಕೊಂಡರೆ ಪೆಟ್ರೋಲ್ ಟ್ಯಾಂಕ್ ಹೊತ್ತಿಕೊಳ್ಳುತ್ತದೆ ಎಂಬ ಆರೋಪ 1970ರ ದಶಕದಲ್ಲಿ ದೇಶವನ್ನೇ ಕಲಕಿತು. ಆಗ ಹೊರಬಂದ ಒಂದು ಟಿಪ್ಪಣಿಯಲ್ಲಿ ಸುಧಾರಣೆಗೆ ಕಾರೊಂದಕ್ಕೆ 11 ಡಾಲರ್, ಜೀವವೊಂದಕ್ಕೆ 2 ಲಕ್ಷ ಡಾಲರ್ ಎಂದು ಲೆಕ್ಕ ಹಾಕಿ, ಸುಧಾರಣೆಗೇ ಖರ್ಚು ಹೆಚ್ಚು ಎಂದು ತೋರಿಸಲಾಗಿತ್ತು. ನ್ಯಾಯವಾಗಿ ಹೇಳಬೇಕೆಂದರೆ ಆ ಟಿಪ್ಪಣಿ ಪಿಂಟೊ ಬಗ್ಗೆ ಬರೆದದ್ದಲ್ಲ. ಕಾರು ಮಗುಚಿದಾಗ ಆಗುವ ಇಂಧನ ಸೋರಿಕೆಯ ನಿಯಮದ ಬಗ್ಗೆ, ಎಲ್ಲ ಕಾರುಗಳನ್ನೂ ಸೇರಿಸಿ, ಸರ್ಕಾರಿ ಸಂಸ್ಥೆಗೆ ಸಲ್ಲಿಸಲೆಂದು ತಯಾರಿಸಿದ್ದು. ಜೀವದ ಆ ಬೆಲೆಯೂ ಸರ್ಕಾರದ್ದೇ ಅಂಕಿ. ಜನರ ಮನಸ್ಸಿಗೆ ಆ ವಿವರಣೆ ಇಳಿಯಲೇ ಇಲ್ಲ. ಸುಟ್ಟುಹೋದ ಮಗುವಿನ ತಾಯಿಗೆ ಇಂಥ ಲೆಕ್ಕವನ್ನು ಯಾವ ವಕೀಲ ತಾನೇ ವಿವರಿಸಿಯಾನು?

ಜನರಲ್ ಮೋಟರ್ಸ್‌ನ ಒಬ್ಬ ಎಂಜಿನಿಯರ್ 1973ರಲ್ಲಿ ಇಂಥದೇ ಲೆಕ್ಕ ಹಾಕಿದ್ದ. ಬೆಂಕಿಯ ಸಾವುಗಳಿಂದ ಕಂಪನಿಗೆ ಬೀಳುವ ಖರ್ಚು ಕಾರೊಂದಕ್ಕೆ 2.40 ಡಾಲರ್ ಎಂದು. ಅದು ಕೋರ್ಟಿನ ಮುಂದೆ ಬರದಂತೆ ಕಂಪನಿ ವರ್ಷಗಟ್ಟಲೆ ಹೋರಾಡಿತು. 1999ರಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ ಆ ಹಾಳೆಯನ್ನು ನೋಡಿ, ಸುಟ್ಟ ಗಾಯಗಳಾದ ಆರು ಮಂದಿಗೆ 490 ಕೋಟಿ ಡಾಲರ್ ಕೊಡಿ ಎಂದಿತು. ನ್ಯಾಯಾಧೀಶರು ಅದನ್ನು ಸುಮಾರು 120 ಕೋಟಿಗೆ ಇಳಿಸಿದರು.

ಆ ಪಾಠದಿಂದ ಕಂಪನಿ ಕಲಿತದ್ದೇನು? ಬರೆಯುವುದನ್ನು ಕಡಿಮೆ ಮಾಡಲು ಕಲಿತಿತು ಎಂಬ ಅನುಮಾನಕ್ಕೆ ಬಲವಾದ ಆಧಾರವಿದೆ. 2008ರಲ್ಲಿ ಜನರಲ್ ಮೋಟರ್ಸ್ ತನ್ನ ನೌಕರರಿಗೆ ಕೊಟ್ಟ ತರಬೇತಿಯಲ್ಲಿ ವರದಿಗಳಲ್ಲಿ ಬಳಸಬಾರದ 69 ಪದಗಳ ಪಟ್ಟಿಯಿತ್ತು. ‘ದೋಷ’ ಎನ್ನಬೇಡಿ, ‘ವಿನ್ಯಾಸದಂತೆ ಕೆಲಸ ಮಾಡುತ್ತಿಲ್ಲ’ ಎನ್ನಿ. ‘ಸಮಸ್ಯೆ’ ಎನ್ನಬೇಡಿ, ‘ಸ್ಥಿತಿ’ ಎನ್ನಿ. ಅದೇ ಕಾಲದಲ್ಲಿ ಅದೇ ಕಂಪನಿಯ ಕಾರುಗಳಲ್ಲಿ ಜನ ಸಾಯುತ್ತಿದ್ದರು.

ಆ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಷೆವ್ರೊಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಸಣ್ಣ ಕಾರುಗಳ ಇಗ್ನಿಷನ್ ಸ್ವಿಚ್ ತೀರ ಸಡಿಲ. ಕೀ ಗೊಂಚಲು ಭಾರವಾಗಿದ್ದರೆ, ಮೊಣಕಾಲು ತಗುಲಿದರೆ, ಓಡುತ್ತಿರುವಾಗಲೇ ಕೀ ತಿರುಗಿ ಎಂಜಿನ್ ನಿಲ್ಲುತ್ತಿತ್ತು. ಎಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಗುದ್ದಿದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಿಲ್ಲ. ಕೋಬಾಲ್ಟ್ ಮಾರುಕಟ್ಟೆಗೆ ಬರುವ ಹೊತ್ತಿಗೇ ಇದು ಕಂಪನಿಯೊಳಗೆ ಗೊತ್ತಿತ್ತು. 2005ರಲ್ಲಿ ಪರಿಹಾರದ ಪ್ರಸ್ತಾಪ ಬಂದು, ಖರ್ಚಿಗೆ ಹೊಂದುವುದಿಲ್ಲವೆಂದು ಕಡತ ಮುಚ್ಚಲಾಯಿತು. ಎಂಜಿನ್ ನಿಲ್ಲುವುದನ್ನು ಅವರು ಗ್ರಾಹಕರ ಅನಾನುಕೂಲ ಎಂದು ವರ್ಗೀಕರಿಸಿದ್ದರು, ಸುರಕ್ಷತೆಯ ವಿಷಯ ಎಂದಲ್ಲ. ಬಿಡಿಭಾಗದ ಬೆಲೆಯ ವ್ಯತ್ಯಾಸ 57 ಸೆಂಟ್ ಎಂದು ಮುಂದೆ ಸಂಸತ್ತಿನ ವಿಚಾರಣೆಯಲ್ಲಿ ಹೇಳಲಾಯಿತು. 2006ರಲ್ಲಿ ಸ್ವಿಚ್ಚನ್ನು ಸದ್ದಿಲ್ಲದೆ ಬದಲಿಸಲಾಯಿತು, ಆದರೆ ಬಿಡಿಭಾಗದ ಸಂಖ್ಯೆಯನ್ನು ಬದಲಿಸಲಿಲ್ಲ. ಹೀಗಾಗಿ ಹಳೆಯದಕ್ಕೂ ಹೊಸದಕ್ಕೂ ಒಂದೇ ನಂಬರು. ಹೊಸ ಕಾರುಗಳಲ್ಲಿ ಈ ತೊಂದರೆ ಏಕೆ ಇಲ್ಲ ಎಂದು ಕಂಪನಿಯ ತನಿಖಾಧಿಕಾರಿಗಳೇ ವರ್ಷಗಳ ಕಾಲ ತಲೆಕೆಡಿಸಿಕೊಂಡರು.

ಗುಟ್ಟು ಬಿಚ್ಚಿದ್ದು ಜಾರ್ಜಿಯಾದ ಒಂದು ಕುಟುಂಬದ ಮೊಕದ್ದಮೆ. ಮಗಳನ್ನು ಕಳೆದುಕೊಂಡ ತಂದೆತಾಯಿಯ ಪರವಾಗಿ ಒಬ್ಬ ಎಂಜಿನಿಯರ್ ಅಪಘಾತವಾದ ಕಾರಿನ ಸ್ವಿಚ್ಚನ್ನೂ ಅಂಗಡಿಯಿಂದ ತಂದ ಹೊಸ ಸ್ವಿಚ್ಚನ್ನೂ ಪಕ್ಕಪಕ್ಕ ಇಟ್ಟು ಬಿಚ್ಚಿದ. ನಂಬರು ಒಂದೇ, ಒಳಗಿನ ಪುಟ್ಟ ಪ್ಲಂಜರ್ ಮಾತ್ರ ಬೇರೆ. ಹೊಸದರದ್ದು ಉದ್ದ. 2013ರಲ್ಲಿ ಈ ವ್ಯತ್ಯಾಸದ ಪ್ರಶ್ನೆಯನ್ನು ಕಂಪನಿಯ ಎಂಜಿನಿಯರ್ ಮುಂದೆ ಪ್ರಮಾಣವಚನದ ಮೇಲೆ ಇಟ್ಟಾಗ ಹತ್ತು ವರ್ಷದ ಮೌನ ಒಡೆಯಿತು. 2014ರ ಫೆಬ್ರವರಿಯಿಂದ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಲಾಯಿತು.

ಒಳಗಿನ ತನಿಖೆ ನಡೆಸಿದವರು ಶಿಕಾಗೊದ ಹಿರಿಯ ವಕೀಲ ಆಂಟನ್ ವಲ್ಯೂಕಸ್. ಅವರ ವರದಿ ಓದಿದವರಿಗೆ ಎರಡು ವಿಷಯ ಮರೆಯುವುದಿಲ್ಲ. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿ ಒಪ್ಪಿ, ಹೊರಬಂದ ಮೇಲೆ ಯಾರೂ ಏನೂ ಮಾಡದಿರುವ ಪದ್ಧತಿಗೆ ನೌಕರರೇ ‘ಜಿಎಂ ನಾಡ್’ ಎಂದು ಹೆಸರಿಟ್ಟಿದ್ದರು. ಇನ್ನೊಂದು, ಕಾನೂನು ವಿಭಾಗದ್ದು. ಒಂದೊಂದು ಸಾವಿನ ದಾವೆಯನ್ನೂ ಅದು ಪ್ರತ್ಯೇಕ ಕಡತವಾಗಿ ಕಂಡು ರಾಜಿ ಮಾಡಿ ಮುಗಿಸುತ್ತಿತ್ತು. 50 ಲಕ್ಷ ಡಾಲರ್ ಮೀರಿದ ರಾಜಿಗೆ ಮಾತ್ರ ಮುಖ್ಯ ವಕೀಲರ ಒಪ್ಪಿಗೆ ಬೇಕಿತ್ತು, ಅದಕ್ಕಿಂತ ಕೆಳಗಿನವು ಅವರ ಮೇಜಿಗೆ ಹೋಗಲೇ ಇಲ್ಲ. ಹೊರಗಿನ ವಕೀಲರು ದಂಡನಾತ್ಮಕ ಪರಿಹಾರ ಬೀಳಬಹುದು ಎಂದು ಎಚ್ಚರಿಸಿದ್ದ ಪತ್ರಗಳೂ ಕೆಳಗೇ ಉಳಿದವು. ಮೊಕದ್ದಮೆಗೆ ಚೆನ್ನಾಗಿ ಸಜ್ಜಾಗಿದ್ದ ವಿಭಾಗವೇ ಸಾವುಗಳನ್ನು ತಡೆಯುವ ಅವಕಾಶವನ್ನು ಕೈಚೆಲ್ಲಿತು. ಹದಿನೈದು ಮಂದಿ ಕೆಲಸ ಕಳೆದುಕೊಂಡರು. ವಕೀಲ ಕೆನೆತ್ ಫೈನ್‌ಬರ್ಗ್ ನಡೆಸಿದ ಕಂಪನಿಯ ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿಕೊಂಡು, ಗಾಯಾಳುಗಳೂ ಸೇರಿ ಒಟ್ಟು 59 ಕೋಟಿ ಡಾಲರ್‌ಗೂ ಹೆಚ್ಚು ಹಂಚಿತು. 2015ರಲ್ಲಿ ಕ್ರಿಮಿನಲ್ ಪ್ರಕರಣದ ಒಪ್ಪಂದಕ್ಕೆ ಕಂಪನಿ ಇನ್ನೂ 90 ಕೋಟಿ ತೆತ್ತಿತು.

ಇಲ್ಲಿ ನಮ್ಮ ಎಂಜಿನಿಯರುಗಳಿಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಇಂಥ ತನಿಖೆಯಲ್ಲಿ ಪ್ರಶ್ನೆ ಕೇಳಲು ಬರುವ ವಕೀಲರು ಕಂಪನಿಯ ವಕೀಲರು, ನಿಮ್ಮವರಲ್ಲ. ಮಿಷಿಗನ್‌ನದೇ ಔಷಧ ಕಂಪನಿ ಅಪ್‌ಜಾನ್ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿತು: ನೌಕರರು ಕಂಪನಿಯ ವಕೀಲರಿಗೆ ಹೇಳಿದ ಮಾತಿಗೆ ಗೋಪ್ಯತೆಯ ರಕ್ಷಣೆ ಇದೆ. ಆದರೆ ಆ ರಕ್ಷಣೆ ಕಂಪನಿಯ ಸೊತ್ತು. ಬೇಕೆನಿಸಿದರೆ ಕಂಪನಿ ಅದನ್ನು ಬಿಟ್ಟುಕೊಟ್ಟು ನಿಮ್ಮ ಮಾತನ್ನು ಸರ್ಕಾರದ ಮುಂದಿಡಬಹುದು. ಸತ್ಯವನ್ನೇ ಹೇಳಿ, ಅಗತ್ಯ ಕಂಡರೆ ನಿಮ್ಮದೇ ವಕೀಲರನ್ನು ಕೇಳಿ.

ಮೆಚ್ಚಿ ಹೇಳಬೇಕಾದ ಉದಾಹರಣೆಯೂ ಶಿಕಾಗೊದಲ್ಲೇ ಇದೆ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಯಾರೋ ನೋವುನಿವಾರಕ ಟೈಲೆನಾಲ್ ಕ್ಯಾಪ್ಸೂಲುಗಳಿಗೆ ಸಯನೈಡ್ ತುಂಬಿ ಅಂಗಡಿಗಳಲ್ಲಿಟ್ಟರು. ನಗರ ಮತ್ತು ಸುತ್ತಲಿನ ಊರುಗಳಲ್ಲಿ ಏಳು ಮಂದಿ ಸತ್ತರು. ತಯಾರಕ ಕಂಪನಿ ಜಾನ್ಸನ್ ಅಂಡ್ ಜಾನ್ಸನ್ ದೇಶದಾದ್ಯಂತ 3 ಕೋಟಿ 10 ಲಕ್ಷ ಬಾಟಲಿಗಳನ್ನು ವಾಪಸು ತರಿಸಿತು, ನವೆಂಬರ್ ಹೊತ್ತಿಗೆ ಮೂರು ಪದರದ ಮುದ್ರೆಯುಳ್ಳ ಡಬ್ಬಿ ತಂದಿತು. ವ್ಯವಹಾರ ಶಾಲೆಗಳಲ್ಲಿ ಇಂದಿಗೂ ಪಾಠವಾಗುವ ನಡೆ ಅದು. ಆದರೂ ಕುಟುಂಬಗಳು ದಾವೆ ಹೂಡಿದವು: ಬಿಚ್ಚಿದ್ದು ಗೊತ್ತಾಗುವಂಥ ಮುದ್ರೆ ಮೊದಲೇ ಏಕೆ ಇರಲಿಲ್ಲ ಎಂಬುದು ಅವರ ಪ್ರಶ್ನೆ. ವಿಚಾರಣೆ ಶುರುವಾಗುವ ಹೊಸ್ತಿಲಲ್ಲಿ, 1991ರಲ್ಲಿ, ಕಂಪನಿ ರಾಜಿ ಮಾಡಿಕೊಂಡಿತು. ಒಳ್ಳೆಯ ನಡವಳಿಕೆ ಮೊಕದ್ದಮೆಯನ್ನು ತಪ್ಪಿಸಲಿಲ್ಲ, ಕಂಪನಿಯನ್ನು ಉಳಿಸಿತು.

ವಿಮಾನ ತಯಾರಿಸುವ ಬೋಯಿಂಗ್‌ನ ಕೇಂದ್ರ ಕಚೇರಿಯೂ 2001ರಿಂದ 2022ರವರೆಗೆ ಶಿಕಾಗೊದಲ್ಲಿತ್ತು. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಅದರ 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಜನ ಸತ್ತರು. ಮೊದಲ ದುರಂತಕ್ಕೂ ನಾಲ್ಕು ತಿಂಗಳು ಮೊದಲು, ರೆಂಟನ್ ಕಾರ್ಖಾನೆಯ ಹಿರಿಯ ವ್ಯವಸ್ಥಾಪಕ ಎಡ್ ಪಿಯರ್ಸನ್, ದಣಿದ ಕಾರ್ಮಿಕರು ತಪ್ಪು ಮಾಡುತ್ತಿದ್ದಾರೆ, ಉತ್ಪಾದನೆ ನಿಲ್ಲಿಸಿ ಎಂದು ಮೇಲಧಿಕಾರಿಗೆ ಬರೆದಿದ್ದರು. ಲೈನ್ ನಿಲ್ಲಲಿಲ್ಲ. ಇಥಿಯೋಪಿಯಾ ದುರಂತದ ದಾವೆಗಳು ಶಿಕಾಗೊದ ಫೆಡರಲ್ ಕೋರ್ಟಿಗೆ ಬಂದವು. 2021ರ ನವೆಂಬರ್‌ನಲ್ಲಿ ಬೋಯಿಂಗ್ ಹೊಣೆಯನ್ನು ಒಪ್ಪಿಕೊಂಡಿತು, ಪ್ರತಿಯಾಗಿ ಕುಟುಂಬಗಳು ದಂಡನಾತ್ಮಕ ಪರಿಹಾರದ ಬೇಡಿಕೆ ಕೈಬಿಟ್ಟವು. ಹೊಣೆ ಒಪ್ಪಿಕೊಂಡರೆ ವಿಚಾರಣೆಯಲ್ಲಿ ಉಳಿಯುವುದು ಪರಿಹಾರದ ಮೊತ್ತ ಮಾತ್ರ. ಯಾರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಿತ್ತು ಎಂಬುದು ಜ್ಯೂರಿಯ ಮುಂದೆ ಬರುವುದಿಲ್ಲ. 2025ರ ನವೆಂಬರ್‌ನಲ್ಲಿ ಅಲ್ಲಿನ ಜ್ಯೂರಿ, ವಿಶ್ವಸಂಸ್ಥೆಯ ಕೆಲಸದ ಮೇಲೆ ನೈರೋಬಿಗೆ ಹೊರಟಿದ್ದ ಭಾರತೀಯ ಮಹಿಳೆಯೊಬ್ಬರ ಕುಟುಂಬಕ್ಕೆ 2.8 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರ ಕೊಡಿಸಿತು.

ಇದನ್ನೆಲ್ಲ ಬರೆಯುವಾಗ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ನೆನಪಾಗದೆ ಇರುವುದಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅಲ್ಲಿನ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಮಂದಿ ಸತ್ತರು, ಬದುಕಿದವರು ಎಂಟೇ ಜನ. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರದ ಕ್ಯಾಪ್ಟನ್‌ನ ತಪ್ಪೇ ನೇರ ಕಾರಣ ಎಂದಿತು ಅಪಘಾತದ ತನಿಖೆಗೆ ನೇಮಿಸಿದ್ದ ‘ಕೋರ್ಟ್ ಆಫ್ ಎನ್‌ಕ್ವೈರಿ’. ಆದರೆ ಆ ರನ್‌ವೇ ಸುರಕ್ಷಿತವಲ್ಲ ಎಂದು ಸ್ಥಳೀಯರು 1997ರಿಂದಲೇ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರು, ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದರು. ಆ ಅರ್ಜಿಗಳೂ ದುರಂತಕ್ಕೆ ಮೊದಲೇ ಬರೆದ ಕಾಗದಗಳೇ.

ಪರಿಹಾರದ ಕಥೆ ಇನ್ನೂ ನೋವಿನದು. ಅಂತರರಾಷ್ಟ್ರೀಯ ವಿಮಾನಯಾನದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಆಗ ಸುಮಾರು 75 ಲಕ್ಷ ರೂಪಾಯಿವರೆಗೆ ವಿಮಾನ ಸಂಸ್ಥೆ ತನ್ನ ತಪ್ಪಿಲ್ಲ ಎಂದು ವಾದಿಸುವಂತಿರಲಿಲ್ಲ. ಕನಿಷ್ಠ ಅಷ್ಟನ್ನು ಎಲ್ಲರಿಗೂ ಕೊಡಿ ಎಂದು ಕಾಸರಗೋಡಿನ ಒಂದು ಕುಟುಂಬ ಕೇಳಿದಾಗ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ ಹೌದೆಂದಿತು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ, ಆದ ನಷ್ಟವನ್ನು ಸಾಬೀತುಪಡಿಸಬೇಕು ಎಂದು ಅದನ್ನು ತಳ್ಳಿಹಾಕಿತು. ದುಬೈಯಲ್ಲಿ ದುಡಿದು ಮನೆಗೆ ಹಣ ಕಳಿಸುತ್ತಿದ್ದವನ ಸಂಬಳದ ಚೀಟಿಗಾಗಿ ಹೆಂಡತಿ ಮಕ್ಕಳು ಅಲೆಯಬೇಕಾಯಿತು. ಒಂದು ಕುಟುಂಬಕ್ಕೆ ಸುಪ್ರೀಂ ಕೋರ್ಟ್ 7.64 ಕೋಟಿ ರೂಪಾಯಿಯನ್ನು ಶೇ 9ರ ಬಡ್ಡಿಯೊಂದಿಗೆ ಕೊಡಿಸಿದ್ದು 2020ರ ಮೇ ತಿಂಗಳಲ್ಲಿ, ದುರಂತವಾಗಿ ಹತ್ತು ವರ್ಷ ತುಂಬುವಾಗ.

ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟದಲ್ಲೂ ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟದಲ್ಲೂ ಹಬ್ಬಕ್ಕೆ ಸೇರುವವರಲ್ಲಿ ಎಂಜಿನಿಯರುಗಳೇ ಹೆಚ್ಚು. ಅವರು ಮಾಡುವ ಡ್ರಾಯಿಂಗಿನ ಇನ್ನೊಂದು ತುದಿ ಬೆಂಗಳೂರಿನಲ್ಲಿ, ಅದೇ ಕಂಪನಿಗಳ ಕಚೇರಿಗಳಲ್ಲಿ ಕುಳಿತ ನಮ್ಮದೇ ಹುಡುಗ ಹುಡುಗಿಯರ ಕೈಯಲ್ಲಿದೆ. ಅವರೆಲ್ಲರಿಗೂ ನನ್ನ ಕೋರಿಕೆ ಒಂದೇ. ಟೆಸ್ಟಿನಲ್ಲಿ ಅಪಾಯ ಕಂಡರೆ ಅದನ್ನು ಅಪಾಯ ಎಂದೇ ಬರೆಯಿರಿ. ದಿನಾಂಕ ಹಾಕಿ, ನಿರ್ಧಾರ ಮಾಡಬಲ್ಲವರಿಗೆ ಕಳಿಸಿ. ಉತ್ತರ ಬರದಿದ್ದರೆ ಅವರ ಮೇಲಿನವರಿಗೆ ಕಳಿಸಿ. ನಿರ್ಧಾರ ಮಾಡುವ ಕುರ್ಚಿಯಲ್ಲಿ ಕುಳಿತವರು ನೀವಾಗಿದ್ದರೆ, ಅಂಥ ಮೇಲ್ ಬಂದ ದಿನವೇ ಓದಿ.